ಬತ್ತಿದ ಬಾವಿಯ ಉಪ್ಪು ನೀರು

ನನಗೆ ಮೊಮ್ಮಗಳು ಹುಟ್ಟಿದಳು. ಇದನ್ನು ಮೊದಲು ಹೇಳದೆ ಬೇರೆ ಏನನ್ನೂ ಬರೆಯಲು ನನ್ನ ಕೈ ಒಪ್ಪುವುದಿಲ್ಲ. ಅವಳು ಈಗ ನನಗಿಂತ ಎತ್ತರ ಬೆಳೆದಿದ್ದಾಳೆ. ಆದರೂ ಆ ದಿನ ನೆನೆದರೆ ಇವತ್ತಿಗೂ ನನಗೆ ನೆಲದ ಮೇಲೆ ಕಾಲು ನಿಲ್ಲುವುದಿಲ್ಲ. ಹೊಸೂರು ಕಡೆಯ ನಮ್ಮ ಬೇರಿಕೆ ಊರಿನ ಸಂತೆಯಲ್ಲಿ ಕಂಡಕಂಡವರ ಅಂಗೈಗೆಲ್ಲ ಸಕ್ಕರೆ ಹಾಕಿದ್ದೆ. ತಮಿಳಿನವರು, ತೆಲುಗಿನವರು, ನಮ್ಮ ಜೊತೆ ಮಾತು ಬಿಟ್ಟವರು, ಯಾರನ್ನೂ ಬಿಡಲಿಲ್ಲ.

ದೆವ್ವ, ಗಾಳಿ, ಪವಾಡ ಇವನ್ನೆಲ್ಲ ನಾನು ನಂಬಿದವಳಲ್ಲ. ಯಾರಾದರೂ ಹುಣಸೆಮರದ ಕಥೆ ಹೇಳಿದರೆ, ಹೊಟ್ಟೆ ಸರಿಯಿಲ್ಲದವರಿಗೆ ಹಾಗೆಲ್ಲ ಕಾಣುತ್ತದೆ ಎಂದು ನಗುತ್ತಿದ್ದೆ. ಈಗ ಹೇಳುವುದನ್ನು ನಾನು ಮುಟ್ಟಿ ನೋಡಿದ್ದೇನೆ, ನಾಲಿಗೆಗೂ ಹಾಕಿದ್ದೇನೆ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ನನ್ನ ಮಗ ಮುನಿರಾಜು ಹೊಸೂರಿನಲ್ಲಿ ವೆಲ್ಡಿಂಗ್ ಕಲಿತು ಬೊಂಬಾಯಿ ಸಮುದ್ರದ ಮೇಲೆ ಕೆಲಸಕ್ಕೆ ಹೋದ. ದಡ ಕಾಣದಷ್ಟು ದೂರದಲ್ಲಿ ಕಬ್ಬಿಣದ ಅಟ್ಟ ನಿಲ್ಲಿಸಿ, ಸಮುದ್ರದ ತಳದಲ್ಲಿ ಬಾವಿ ಕೊರೆದು ಎಣ್ಣೆ ತೆಗೆಯುವ ಕಡೆ. ಮದುವೆಯಾದ ಹೊಸತರಲ್ಲಿ ಬಂದವನು, ಆ ಬಾವಿಗಳಲ್ಲಿ ಎಣ್ಣೆ ಏರುವುದು ಕಮ್ಮಿಯಾಗಿದೆ, ಇನ್ನು ಮುಚ್ಚುತ್ತಾರೆ, ತಾನು ಹೊಸೂರಿಗೇ ಬಂದು ಸೇರುತ್ತೇನೆ ಎಂದಿದ್ದ. ನಾವು ಕಾದೆವು. ಮುಚ್ಚಲಿಲ್ಲ. ಒಂದು ಬಾವಿಗೆ ಸಮುದ್ರದ ನೀರನ್ನೇ ಒತ್ತಿ ಇಳಿಸಿದರೆ, ತಳದಲ್ಲಿ ಉಳಿದ ಎಣ್ಣೆ ಪಕ್ಕದ ಬಾವಿಯಿಂದ ಮೇಲೆ ಬರುತ್ತದಂತೆ. ಹಾಗೇ ಮಾಡುವುದೆಂದು ತೀರ್ಮಾನವಾಗಿ ಹಳೆಯ ಬಾವಿಗಳಿಗೆ ಹೊಸ ಆಯುಸ್ಸು ಬಂತು, ನನ್ನ ಮಗನ ರಜಾ ಹೋಯಿತು. ಆ ನೀರಿನ ಪೈಪು ಬೆಸೆಯುವವನೇ ಅವನು.

ಸೊಸೆ ರತ್ನ ಬಸುರಿಯಾಗಿದ್ದಾಗ ಬಂದು ಅವನು ಇದನ್ನು ಹೇಳಿದಾಗ ನನ್ನ ಯಜಮಾನರು ಮುಖಕ್ಕೇ ಅಂದರು: "ಮುದಿ ಹಸೀನ ಕೆಚ್ಲು ಹಿಂಡೋ ಕೆಲ್ಸ ಕಣ್ಲಾ ನಿಂದು. ಸಾಯೋದನ್ನ ಸಾಯಕ್ಕೆ ಬಿಡಲ್ಲ, ಬದುಕೋನ್ನ ಬದುಕಕ್ಕೆ ಬಿಡಲ್ಲ."

ಮುನಿರಾಜು ನಕ್ಕ. ಮಗು ಹುಟ್ಟಿದ ಮೇಲೆ ಗಂಗೆ ಪೂಜೆಗೆ ಬಂದೇ ಬರುತ್ತೇನೆ ಎಂದು ರತ್ನಳಿಗೆ ಮಾತು ಕೊಟ್ಟು ಹೋದ.

ಗಂಗೆ ಪೂಜೆ ಅಂದರೆ, ನಮ್ಮಲ್ಲಿ ಹೆರಿಗೆಯ ಪುರುಡು ಕಳೆದ ದಿನ ಬಾಣಂತಿ ಮನೆಯ ಬಾವಿಗೆ ಅರಿಶಿನ ಕುಂಕುಮ ಇಟ್ಟು, ತಾನೇ ನೀರು ಸೇದಿ ಒಳಗೆ ತರಬೇಕು. ಆ ನೀರಿನಲ್ಲೇ ಅವತ್ತಿನ ಅಡುಗೆ. ರತ್ನಳಿಗೆ ತಾಯಿ ಇರಲಿಲ್ಲವಾದ್ದರಿಂದ ಹೆರಿಗೆ, ಪೂಜೆ ಎಲ್ಲ ನಮ್ಮಲ್ಲೇ. ಆದರೆ ಅಕ್ಕಪಕ್ಕದವರು ಬೋರು ಹಾಕಿಸಿದ ಮೇಲೆ ನಮ್ಮ ಬಾವಿ ಬತ್ತಿಹೋಗಿತ್ತು. ಪೂಜೆಯ ದಿನ ಬೆಳಗ್ಗೆ, ರಜಾ ಸಿಗಲಿಲ್ಲ ಎಂದು ಮುನಿರಾಜುವಿನ ತಂತಿಯೂ ಬಂತು. ರತ್ನ ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ವಾಸಿಯಾಗಿತ್ತು.

ಬರಿ ಬಿಂದಿಗೆ ಮೇಲೆ ಬಂದರೆ ಕೂಸಿಗೆ ಆಗಿಬರುವುದಿಲ್ಲ ಎಂದು ನಾದಿನಿ ಗೌರಮ್ಮ ಹಟ ಹಿಡಿದಳು. ಬೋರಿನ ನೀರು ತಂದು ಬಾವಿಗೆ ಹುಯ್ದು, ಅದನ್ನೇ ಸೇದಿಸಿ ಎಂದರು ಯಜಮಾನರು. "ನಿನ್ಮಗ ಸಮುದ್ರದಾಗೆ ಮಾಡೋದೂ ಅದೇ ತಾನೆ. ಹುಯ್ಯಿ."

ಪಕ್ಕದ ಮನೆಯ ಬೋರಿನಿಂದ ಎರಡು ಕೊಡ ನಾನೇ ತಂದೆ. ದಾರಿಯಲ್ಲಿ ಒಂದು ಬೊಗಸೆ ಕುಡಿದೂ ಇದ್ದೆ. ಸಿಹಿ ನೀರು. ಬಾವಿಗೆ ಹುಯ್ದಾಗ ಒಣ ಮಣ್ಣಿಗೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಅರ್ಧ ನೀರನ್ನು ಆ ಮಣ್ಣೇ ಕುಡಿದಿರಬೇಕು.

ರತ್ನ ಹಗ್ಗ ಬಿಟ್ಟು ಸೇದಿದಳು. ಬಿಂದಿಗೆ ತುಳುಕುತ್ತ ಬಂತು. ನನಗೆ ಮೊದಲು ತಟ್ಟಿದ್ದು ವಾಸನೆ. ನಾನು ಸಮುದ್ರ ನೋಡಿದವಳಲ್ಲ. ಆದರೆ ಮಗ ರಜಾ ಹಾಕಿ ಬಂದಾಗ ಅವನ ಬಟ್ಟೆ ನೆನೆಹಾಕಿದರೆ ಬಾನಿಯಿಂದ ಏಳುವ ವಾಸನೆ ಗೊತ್ತು. ಉಪ್ಪು, ತುಕ್ಕು, ಎಣ್ಣೆ. ಅದೇ ವಾಸನೆ. ಬೆರಳು ಅದ್ದಿ ನಾಲಿಗೆಗೆ ಇಟ್ಟೆ. ಗಂಟಲು ಹಿಡಿಯುವಷ್ಟು ಉಪ್ಪು.

ಯಜಮಾನರೂ ರುಚಿ ನೋಡಿದರು. ಪಕ್ಕದ ಮನೆಗೆ ಹೋಗಿ ಬೋರಿನ ನೀರು ಕುಡಿದು ಬಂದರು. ಅದು ಸಿಹಿಯಾಗೇ ಇತ್ತು. ತಾವೇ ಹಗ್ಗ ಹಿಡಿದು ಸೇದಿದರು. ಮತ್ತೆ ತುಂಬಿ ಬಂತು. ಮತ್ತೂ ಸೇದಿದರು, ಮತ್ತೂ ಬಂತು. ನಾವು ಹುಯ್ದದ್ದು ಎರಡೇ ಕೊಡ.

ಅಲ್ಲಿದ್ದವರೆಲ್ಲರ ಮನಸ್ಸಿನಲ್ಲೂ ಒಂದೇ ಭಯ, ಸಮುದ್ರದ ಮೇಲಿದ್ದ ಮುನಿರಾಜುವಿಗೆ ಏನಾಯಿತೋ ಎಂದು. ಗೌರಮ್ಮ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ನಾನು ಕಟ್ಟೆ ಹಿಡಿದು ನಿಂತೆ. ರತ್ನ ಬಿಂದಿಗೆಯನ್ನು ಒಂದು ಗಳಿಗೆ ನೋಡಿ, ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

"ಅವ್ರು ಬರ್ಲಿಲ್ಲ, ಸಮುದ್ರಾನ ಕಳ್ಸವ್ರೆ," ಅಂದಳು. "ಬನ್ನಿ ಅತ್ತೆ, ಒಲೆ ಹಚ್ಚಣ."

ಮಾರನೇ ದಿನ ಬಿಂದಿಗೆ ಇಳಿಸಿದರೆ ತಳದ ಮಣ್ಣು ಕೆರೆಯಿತು. ಮುಂದೆ ಎಂದೂ ಆ ಬಾವಿಯಲ್ಲಿ ನೀರು ಕಾಣಲಿಲ್ಲ. ಮಗ ಒಂದು ತಿಂಗಳ ಮೇಲೆ ಬಂದ, ಮೈಗೆ ಒಂದು ಗೀರೂ ಇಲ್ಲದೆ. ಅವತ್ತು ಏನಾಗಿತ್ತು ಎಂದು ಕೇಳಿದೆ. ಪೈಪಿನ ಕೆಲಸ ಮುಗಿದು ಅವತ್ತೇ ಬೆಳಗ್ಗೆ ಹಳೆಯ ಬಾವಿಗೆ ಮೊದಲ ಸಲ ಸಮುದ್ರದ ನೀರು ಬಿಟ್ಟರಂತೆ, ಬೇರೆ ಏನೂ ಇಲ್ಲವಂತೆ. ನಡೆದದ್ದು ಹೇಳಿದೆ. ಬಹಳ ಹೊತ್ತು ನಮ್ಮ ಬಾವಿಯೊಳಗೆ ಬಗ್ಗಿ ನೋಡಿದ. ಆ ಅಟ್ಟ ಬಾಳಿದಷ್ಟು ಕಾಲವೂ ಅವನು ಅಲ್ಲೇ ಸವೆದ. ಬಂದಾಗಲೆಲ್ಲ ಮಗಳು ಅವನನ್ನು ಯಾರೋ ನೆಂಟರೆಂದುಕೊಂಡು ನನ್ನ ಬೆನ್ನ ಹಿಂದೆ ಅಡಗುತ್ತಿದ್ದಳು. ಯಜಮಾನರು ಸಾಯುವ ತನಕ, ಯಾರೋ ಬಾವಿಗೆ ಉಪ್ಪು, ಡೀಸೆಲ್ಲು ಹಾಕಿದ್ದರು ಅಂದರು. ಯಾರು, ಯಾಕೆ ಅಂದರೆ ಅವರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿಲ್ಲ.

ಆ ಗಂಗೆ ಪೂಜೆಯ ದಿನ ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಬಾವಿಯ ಆ ನೀರಿನಲ್ಲೇ ಬೇಯಿಸಿದ ಮುದ್ದೆ, ಅವರೆಕಾಳಿನ ಸಾರು. ಕೂಸು ನನ್ನ ಮಡಿಲಲ್ಲಿ ನನ್ನ ಬೆರಳು ಹಿಡಿದು ಮಲಗಿತ್ತು. ಅಷ್ಟು ಸಂಕಟದಲ್ಲೂ ಅದರ ಮುಖ ನೋಡಿದರೆ ನನಗೆ ನಗು ಉಕ್ಕುತ್ತಿತ್ತು. ನಾವು ಮುದ್ದೆಗೆ ಉಪ್ಪು ಹಾಕುವವರಲ್ಲ. ಮೊದಲ ತುತ್ತಿಗೇ ಎಲ್ಲರ ಕೈ ನಿಂತಿತು. ಯಜಮಾನರೇ ಮೊದಲು ತುತ್ತಿನ ಮೇಲೆ ತುತ್ತು ನುಂಗಿ ಮುಗಿಸಿ, ತಟ್ಟೆಯನ್ನು ರತ್ನಳ ಕಡೆ ನೂಕಿ, "ಇನ್ನೊಂದು ಇಕ್ಕಮ್ಮ" ಅಂದರು.