ಮುರಿದ ಬೆಣಚುಕಲ್ಲಿನ ಚಾಕು

ಹೆದ್ದಾರಿ ಅಗಲ ಮಾಡಲೆಂದು ನಮ್ಮೂರ ಗುಡ್ಡವನ್ನು ಅರ್ಧಕ್ಕೆ ಕಡಿದಿದ್ದ ಕಾಲವದು. ಹೊನ್ನಾವರದಿಂದ ಕುಮಟೆಗೆ ಹೋಗುವ ಬಸ್ಸುಗಳು ಮೈತುಂಬ ಕೆಂಪು ಧೂಳು ಮೆತ್ತಿಕೊಂಡು ಬರುತ್ತಿದ್ದವು. ಆ ವರ್ಷಗಳನ್ನು ನೆನೆದು ನನ್ನ ಓರಗೆಯವರು ಈಗ ವಾಟ್ಸಾಪಿನಲ್ಲಿ ಹಲುಬುತ್ತಾರೆ. ಗೇರುಬೀಜ ಸುಟ್ಟ ವಾಸನೆಯಂತೆ, ಉಪ್ಪು ಹಚ್ಚಿದ ಮಾವಿನಕಾಯಿಯಂತೆ, ಆಹಾ ಅಂತೆ. ಹಲುಬಲಿ. ನನಗೆ ಆ ಮಳೆಗಾಲ ನೆನಪಾದರೆ ಮೈ ಉರಿಯುತ್ತದೆ. ಗಣಪು ಮಾವನ ಮೇಲೆ, ಅಪ್ಪನ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಹನ್ನೊಂದು ವರ್ಷದ ಒಬ್ಬಳು ಹುಡುಗಿಯ ಮೇಲೆ.

ಗಣಪು ಮಾವ ನನ್ನ ಹೆತ್ತ ಅವ್ವಿಯ ತಮ್ಮ. ಕುಮಟೆಯ ಮೊಬೈಲ್ ಅಂಗಡಿಯಲ್ಲಿ ಕೆಲಸ, ಊಟ ನಿದ್ದೆ ನಮ್ಮ ಮನೆಯಲ್ಲಿ. ಅಂಗಡಿಗೆ ಬಂದ ಯಾರದೋ ಮೆಮೊರಿ ಕಾರ್ಡಿನಲ್ಲಿ ಅವನಿಗೊಂದು ವಿಡಿಯೋ ಸಿಕ್ಕಿತ್ತು. ಗಡ್ಡದ ವಿದೇಶಿಯೊಬ್ಬ ಕಲ್ಲಿನಿಂದ ಕಲ್ಲು ಹೊಡೆದು ಆದಿಮಾನವರ ಚಾಕು ಮಾಡುವುದು. ಅದನ್ನು ನೋಡಿದ ಮೇಲೆ ಮಾವನಿಗೆ ಹುಚ್ಚೇ ಹಿಡಿಯಿತು. ಕಡಿದ ಗುಡ್ಡದಲ್ಲಿ ಬಿಳಿ ಬೆಣಚುಕಲ್ಲು ಬೇಕಾದಷ್ಟು ಬಿದ್ದಿತ್ತು. ಭಾನುವಾರ ಚೀಲ ಹಿಡಿದು ಹೋಗಿ ಆರಿಸಿ ತರುತ್ತಿದ್ದ. ಅಪ್ಪ ಅದನ್ನು ಕಂಡು, ಮದುವೆ ವಯಸ್ಸಿನ ಗಂಡಸು ಮಕ್ಕಳಾಟಿಕೆ ಮಾಡುತ್ತಾನೆ ಎಂದು ಊಟಕ್ಕೆ ಕೂತಾಗೆಲ್ಲ ಚುಚ್ಚುತ್ತಿದ್ದ. ಮಾವ ತನ್ನ ಪಾಡಿಗೆ ಗಂಜಿ ಉಣ್ಣುತ್ತಿದ್ದ.

ಮನೆಯಲ್ಲಿ ಅವನ ಹುಚ್ಚಿಗೆ ಜೊತೆಯಾದವಳು ನಾನೊಬ್ಬಳೇ. ಗದ್ದೆಯ ಅಂಚಿನ ಗೇರುಮರದ ಕೆಳಗೆ ಗೋಣಿ ಹಾಸಿ ಕೂರುತ್ತಿದ್ದೆವು. ತೊಡೆಯ ಮೇಲೆ ಬಸ್ಸಿನ ಸೀಟಿನ ಹಳೇ ರೆಗ್ಜಿನ್ ತುಂಡು, ಕೈಯಲ್ಲಿ ಹಳ್ಳದ ಗುಂಡುಕಲ್ಲು. ಸರಿಯಾದ ಜಾಗಕ್ಕೆ ಪೆಟ್ಟು ಬಿದ್ದರೆ ಚಕ್ಕೆ ಟಿಣ್ಣೆಂದು ಏಳುತ್ತಿತ್ತು, ಪಟಾಕಿ ಹೊಡೆದ ಮೇಲಿನಂಥ ವಾಸನೆ ಮೂಗಿಗೆ ಬಡಿಯುತ್ತಿತ್ತು. ಆಮೇಲೆ ಬಿದಿರಿನ ಹಿಡಿಗೆ ಸಿಕ್ಕಿಸಿದ ತಾಮ್ರದ ತಂತಿಯಿಂದ ಅಂಚನ್ನು ಒತ್ತಿ ಒತ್ತಿ ಸಣ್ಣ ಹಲ್ಲು ಎಬ್ಬಿಸಬೇಕು. ನನ್ನ ಮೊದಲ ಚಕ್ಕೆಯಲ್ಲಿ ಮಾವಿನಕಾಯಿ ಕೊಯ್ದು ತಿಂದಿದ್ದೆವು. ಕಲ್ಲಿನ ಪುಡಿ ಹಲ್ಲಿಗೆ ಕರಕರ ಸಿಕ್ಕಿದರೂ ಅಂಥ ಮಾವಿನಕಾಯಿ ಆಮೇಲೆ ತಿಂದಿಲ್ಲ.

ಮಾವನದು ಒಂದೇ ಕಟ್ಟಳೆ. ಚೂರು ಗೋಣಿಯಿಂದ ಹೊರಗೆ ಹೋಗಬಾರದು. ಕೆಲಸ ಮುಗಿದ ಮೇಲೆ ಗೋಣಿ ಕೊಡವಿ, ಚೂರನ್ನೆಲ್ಲ ಡಬ್ಬಿಗೆ ತುಂಬಿ, ಗುಡ್ಡದ ಮೇಲೆ ಚಿರೆಕಲ್ಲು ಕಡಿದು ಬಿಟ್ಟ ಹಳೇ ಹೊಂಡಕ್ಕೆ ಸುರಿದು ಬರಬೇಕು. ಕೆಳಗೆ ಇರುವುದು ಗದ್ದೆ, ಬರಿಗಾಲಲ್ಲಿ ಇಳಿಯುವವರು ನಮ್ಮವರೇ.

ಮೇ ತಿಂಗಳ ಕೊನೆಗೆ ನಾನು ಬೆರಳುದ್ದದ ಒಂದು ಚಾಕು ಮಾಡುತ್ತಿದ್ದೆ. ನಾಲ್ಕು ದಿನದ ಕೆಲಸ. ಒಂದು ಅಂಚಿಗೆ ಹಲ್ಲು ಬಂದಿತ್ತು, ಇನ್ನೊಂದು ಅಂಚಿನಲ್ಲಿ ಒಂದು ಗಂಟು ಮಾತ್ರ ಉಳಿದಿತ್ತು. ಸಾಕು ಬಿಡು ಎಂದು ಮಾವ ಹೇಳಿದ. ನಾನು ಕೇಳಲಿಲ್ಲ. ಹೊಡೆದೆ, ಟಪ್ಪೆಂದು ನಡುವಿಗೆ ಎರಡಾಯಿತು. ಮಾವ ನಕ್ಕುಬಿಟ್ಟ.

“ಸೊಕ್ಕಲ್ಲಿ ಹೊಡೆದ್ರೆ ಕಲ್ಲು ಹೆದರ್ತದೆ ಅಂದ್ಕಂಡ್ಯಾ ಕೂಸೆ?”

ಆ ನಗು ನನಗೆ ಸಹಿಸಲಾಗಲಿಲ್ಲ. ಕೈಯಲ್ಲಿದ್ದ ಬುಡದ ಅರ್ಧವನ್ನು ಬೀಸಿ ಒಗೆದೆ. ಅದು ಒಣಗಿದ ಗದ್ದೆಯಲ್ಲಿ ಎಲ್ಲೋ ಬಿತ್ತು. ಹೋಗಿ ಹುಡುಕು ಎಂದು ಮಾವ ಗದರಿದ. ಸುಮ್ಮನೆ ಎರಡು ಸುತ್ತು ಹೊಡೆದು, ಸಿಕ್ಕಿತು, ಡಬ್ಬಿಗೆ ಹಾಕಿದೆ ಎಂದು ಸುಳ್ಳು ಹೇಳಿದೆ. ಚೂಪು ತುದಿಯ ಅರ್ಧ ಚೆನ್ನಾಗಿತ್ತು, ಅದನ್ನು ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡೆ.

ಜುಲೈಯಲ್ಲಿ ನೆಟ್ಟಿ ಶುರುವಾಯಿತು. ನಮ್ಮ ಗದ್ದೆ ಹೂಡುವವನು ತಿಮ್ಮಣ್ಣ, ಸಸಿ ನೆಡಲು ಅವ್ವಿಯ ಜೊತೆ ಇಳಿಯುವವಳು ಅವನ ಹೆಂಡತಿ ಮಾದೇವಕ್ಕ. ಅವರ ಮನೆ ನಮ್ಮ ಗದ್ದೆಯ ಆಚೆ ಬದಿಗೇ ಇತ್ತು. ನೆಟ್ಟಿಯ ಹಾಡು ಮಾದೇವಕ್ಕನದು. ಅವಳು ಒಂದು ಸಾಲು ಎತ್ತಿಕೊಟ್ಟರೆ ಅವ್ವಿ ಅದನ್ನು ಹಿಡಿದು ತಿರುಗಿ ಹಾಡಬೇಕು. ಮಳೆಗೆ ತಲೆಯಿಂದ ಬೆನ್ನಿಗೆ ಪ್ಲಾಸ್ಟಿಕ್ ಕೊಪ್ಪೆ ಸೂಡಿಕೊಂಡ ಇಬ್ಬರೂ ಬಗ್ಗಿಕೊಂಡು ಹಿಂದೆ ಹಿಂದೆ ಸರಿಯುತ್ತ, ಮಳೆಯ ಸದ್ದಿಗೂ ಮಿಗಿಲಾಗಿ ಹಾಡುತ್ತಿದ್ದರು. ಅಂಚಿನ ಮೇಲೆ ಸಸಿಯ ಕಟ್ಟು ಹೊತ್ತು ನಿಂತ ನನಗೆ, ಅವ್ವಿ ಹೆಜ್ಜೆ ಹಿಂದಿಟ್ಟದ್ದೂ ಹಾಡು ನಿಂತದ್ದೂ ಒಟ್ಟಿಗೇ ಗೊತ್ತಾಯಿತು.

ಮಾದೇವಕ್ಕ ಅವ್ವಿಯನ್ನು ಬೆನ್ನ ಮೇಲೆ ಹೊತ್ತು ರಸ್ತೆಗೆ ತಂದಳು. ಬಲಗಾಲಿನ ಅಡಿ ಬಾಯಿ ಬಿಟ್ಟಿತ್ತು. ಕುಮಟೆಯ ಡಾಕ್ಟರು ಒಳಗಿದ್ದ ಚೂರನ್ನು ಕಿತ್ತು, ಹತ್ತಿಯಲ್ಲಿ ಸುತ್ತಿ ಅಪ್ಪನ ಕೈಗಿಟ್ಟು, ಗಾಜು ಎಂದರು. ಹೆಬ್ಬೆರಳಿನ ನರ ತುಂಡಾಗಿದೆ, ಇನ್ನು ಅದು ಮಡಚುವುದು ಕಷ್ಟ ಎಂದೂ ಹೇಳಿದರು.

ಗಾಜು ಎಂದಮೇಲೆ ಬಾಟ್ಲಿ. ಬಾಟ್ಲಿ ಎಂದಮೇಲೆ ಕುಡುಕ. ನಮ್ಮ ಕೇರಿಯಲ್ಲಿ ಎಲ್ಲರ ಕಣ್ಣೆದುರೇ ಕುಡಿಯುವವನು ತಿಮ್ಮಣ್ಣ ಒಬ್ಬನೇ. ಅಪ್ಪನಿಗೆ ಇನ್ನೇನು ಬೇಕು? ಅವನನ್ನು ಅಂಗಳಕ್ಕೆ ಕರೆಸಿ, ಕೇರಿಯವರೆದುರು ಬಾಯಿಗೆ ಬಂದಂತೆ ಬೈದ. ತಿಮ್ಮಣ್ಣ ತಲೆ ತಗ್ಗಿಸಿ ನಿಂತಿದ್ದ. ಮಾತಾಡಿದವಳು ಮಾದೇವಕ್ಕ.

“ನಮ್ಮನೆ ಗಂಡಸು ಕುಡೂದು ಪ್ಯಾಕೆಟ್ಟು. ಬಾಟ್ಲಿ ಎಲ್ಲಿಂದ ಬಂತು?”

ನಿಜ. ಅವನು ಖಾಲಿ ಪ್ಯಾಕೆಟ್ಟು ಬೇಲಿಗೆ ಸಿಕ್ಕಿಸಿ ಹೋಗುವುದನ್ನು ಇಡೀ ಕೇರಿ ದಿನಾ ನೋಡುತ್ತಿತ್ತು. ಕೇರಿಯವರು ಅಪ್ಪನ ಮುಖ ನೋಡಿದರು. ಅಷ್ಟೊತ್ತಿಗೆ ನಾನು, ಅಪ್ಪ ಜಗಲಿಯ ಗೋಡೆಯ ಮಾಡದಲ್ಲಿಟ್ಟಿದ್ದ ಹತ್ತಿ ಬಿಚ್ಚಿ ನೋಡಿಯಾಗಿತ್ತು. ಒಂದು ಅಂಚಿಗೆ ಸಾಲಾಗಿ ಸಣ್ಣ ಹಲ್ಲು, ಇನ್ನೊಂದು ಅಂಚಿಗೆ ಒಂದು ಗಂಟು. ನಾನು ಒಗೆದ ಅರ್ಧವೇ ಅದು. ಹೇಳಬೇಕಾದದ್ದು ಆಗ. ಹೇಳಿದೆ ಕೂಡ.

“ತಿಮ್ಮಣ್ಣ ಗದ್ದೆ ಅಂಚಿನ ಮೇಲೆ ಬಾಟ್ಲಿ ಒಡೆದದ್ದು ನಾ ನೋಡಿದೆ.”

ಯಾರೂ ನನ್ನನ್ನು ಕೇಳಿರಲಿಲ್ಲ. ಮಾದೇವಕ್ಕ ನನ್ನ ಕಡೆ ತಿರುಗಿ, ನೋಡುತ್ತ ನಿಂತಳು. ಆಮೇಲೆ ಗಂಡನ ತೋಳು ಹಿಡಿದುಕೊಂಡು ಅಂಗಳ ದಾಟಿ ಹೋದಳು. ಮತ್ತೆ ಅವರಿಬ್ಬರೂ ನಮ್ಮ ಗದ್ದೆಗೆ ಕಾಲಿಡಲಿಲ್ಲ. ಅಪ್ಪನ ಮಾತು ಕೇಳಿ ಕೇರಿಯ ಉಳಿದವರೂ ತಿಮ್ಮಣ್ಣನನ್ನು ಕರೆಯುವುದು ಬಿಟ್ಟರು. ದೀಪಾವಳಿಯ ಹೊತ್ತಿಗೆ ಅವರು ಭಟ್ಕಳದ ಹತ್ತಿರದ ಜಾಲಿಯ ಕಡೆ ಮನೆಗೆಲಸ, ಕಟ್ಟಡದ ಕೆಲಸ ಹುಡುಕಿಕೊಂಡು ಹೋದರು.

ಅಪ್ಪ ಅಂಗಳದಲ್ಲಿ ಬೈದ ದಿನವೇ ಸಂಜೆ, ಮಾವ ಅಂಗಡಿಯಿಂದ ಬಂದವನು ಚೂರನ್ನು ಬೆರಳಲ್ಲಿ ಹಿಡಿದು ತಿರುಗಿಸಿದ. ಅಂಚು ಸವರಿ ನೋಡಿದ. ಕಲ್ಲು ಓದುವುದನ್ನು ನನಗೆ ಕಲಿಸಿದವನು, ಅವನಿಗೆ ತಿಳಿಯದೆ ಇರುತ್ತದೆಯೇ? ನನ್ನನ್ನು ಕೊಟ್ಟಿಗೆಯ ಹಿಂದೆ ಕರೆದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಇವತ್ತು ಅವನನ್ನು ಕ್ಷಮಿಸುತ್ತಿದ್ದೆನೇನೋ.

“ಡಾಕ್ಟ್ರು ಗಾಜು ಅಂದ್ರಲೆ, ಗಾಜೇ ಆತು. ನೀನೂ ಬಾಯಿ ಬಿಡೂದು ಬ್ಯಾಡ, ನಾನೂ ಬಿಡೂದಿಲ್ಲ. ಬಿಟ್ರೆ ನಂಗೆ ಈ ಮನೇಲಿ ಅನ್ನ ಹುಟ್ಟೂದಿಲ್ಲ.”

ಮರುದಿನ ಆ ಚೂರು ಮಾಡದಲ್ಲಿ ಇರಲಿಲ್ಲ. ಹೊನ್ನಾವರ ದಾಟಿ ಭಟ್ಕಳದ ಕಡೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಶರಾವತಿಗೆ ಹಾಕಿದೆ ಎಂದು ಆಮೇಲೊಮ್ಮೆ ಹೇಳಿದ. ಗುಂಡುಕಲ್ಲು, ತಾಮ್ರದ ತಂತಿ ಎಲ್ಲವನ್ನೂ ಚಿರೆಕಲ್ಲಿನ ಹೊಂಡಕ್ಕೆ ಸುರಿದ. ಈಗ ಅವನಿಗೆ ಭಟ್ಕಳದಲ್ಲಿ ಸ್ವಂತ ಅಂಗಡಿ ಇದೆ. ಸಿಕ್ಕಾಗ ಕೂಸೆ ಎಂದು ಕರೆದು ಐಸ್‌ಕ್ರೀಮ್ ಕೊಡಿಸಲು ಬರುತ್ತಾನೆ. ಅವನ ನಗು ಕಂಡರೆ ಈಗಲೂ ಕೈಯಲ್ಲಿದ್ದದ್ದನ್ನು ಬೀಸಿ ಒಗೆಯಬೇಕು ಅನಿಸುತ್ತದೆ.

ಹೋದ ವರ್ಷ ನಾನು ಮಾದೇವಕ್ಕನನ್ನು ಹುಡುಕಿಕೊಂಡು ಜಾಲಿಗೆ ಹೋದೆ. ಯಾರದೋ ಮನೆಯ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ತಿಮ್ಮಣ್ಣ ತೀರಿಕೊಂಡಿದ್ದ. ಕಂಪಾಸ್ ಬಾಕ್ಸಿನಿಂದ ಕಲ್ಲಿನ ತುದಿ ತೆಗೆದು ತೋರಿಸಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅತ್ತುಬಿಟ್ಟೆ. ಅವಳು ಅದನ್ನು ಮುಟ್ಟಲೂ ಇಲ್ಲ. ಪಾತ್ರೆ ತಿಕ್ಕುವುದನ್ನು ನಿಲ್ಲಿಸದೆ ಕೇಳಿದಳು.

“ನಿನ್ನ ಅವ್ವಿ ಹತ್ರ ಹೇಳಿದ್ಯಾ?”

ಇಲ್ಲ ಎಂದೆ.

“ಹಂಗಾರೆ ನನ್ನ ಹತ್ರ ಎಂತಕ್ಕೆ ಬಂದೆ? ಹೋಗು.”

ಹೋದೆ. ಮನೆಗೆ ಬಂದಾಗ ಅವ್ವಿ ಜಗಲಿಯಲ್ಲಿ ಕೂತು ಮಡಚದ ಹೆಬ್ಬೆರಳಿಗೆ ಎಣ್ಣೆ ತಿಕ್ಕುತ್ತಿದ್ದಳು. ಮಳೆ ಶುರುವಾದರೆ ಅದು ಸೆಳೆಯುತ್ತದೆ. ನಮ್ಮ ಗದ್ದೆಯಲ್ಲಿ ಈಗಲೂ ನೆಟ್ಟಿಯಾಗುತ್ತದೆ, ಹೊರಗಿನ ಆಳುಗಳು ಬಂದು ಮೊಬೈಲಿನಲ್ಲಿ ಹಾಡು ಹಾಕಿಕೊಂಡು ನೆಟ್ಟು ಹೋಗುತ್ತಾರೆ. ಹಳೇ ಹಾಡು ಒಂದಾದರೂ ಹೇಳು ಎಂದು ಒಮ್ಮೆ ಕೇಳಿದ್ದೆ. ಅವ್ವಿ ಬಾಯಿ ತೆರೆದು, ಹಾಗೇ ಮುಚ್ಚಿಕೊಂಡಿದ್ದಳು. ಎತ್ತಿಕೊಡುವವಳು ಮಾದೇವಿ, ತನಗೆ ಹಿಡಿದುಕೊಳ್ಳಲು ಮಾತ್ರ ಬರುತ್ತದೆ ಎಂದಳು. ಆ ಕುಡುಕ ಅದನ್ನೂ ಹಾಳು ಮಾಡಿದ ಎಂದು ತಿಮ್ಮಣ್ಣನನ್ನು ಬೈದಳು.

ಆಗಲೂ ನಾನು ಬಾಯಿ ಬಿಡಲಿಲ್ಲ, ಜಾಲಿಯಿಂದ ಬಂದ ದಿನವೂ ಬಿಡಲಿಲ್ಲ. ಎಣ್ಣೆಯ ಬಾಟ್ಲಿ ಎತ್ತಿ ಒಳಗಿಟ್ಟೆ, ಅಷ್ಟೇ. ಇದನ್ನೆಲ್ಲ ಇಷ್ಟು ಧೈರ್ಯವಾಗಿ ಬರೆದಿದ್ದೇನಲ್ಲ, ಅವ್ವಿಗೆ ಓದಲು ಬರುವುದಿಲ್ಲ.