ಮೊಣಕೈ ಅಳತೆಯ ಕೋವಿ

ಆಗ ನನಗೆ ಅರವತ್ತು ವರ್ಷ. ಹದಿನೆಂಟು ವರ್ಷದ ಹಿಂದಿನ ಮಾತು. ಬಾಲ್ಯದ ನೆನಪು ಬರೆಯಿರಿ ಎಂದರೆ ಮುದುಕಿ ಅರವತ್ತರ ಕಥೆ ತೆಗೆದಳು ಎಂದು ನಗುವವರು ನಗಲಿ. ನನಗೆ ಆಡುವ ಪ್ರಾಯ ಬಂದದ್ದೇ ಆವಾಗ. ಹತ್ತು ವರ್ಷದವಳಿದ್ದಾಗ ನಾನು ಆಡಲಿಲ್ಲ, ಕೆಲಸ ಮಾಡಿದೆ. ಅಪ್ಪ ಬೆಳ್ತಂಗಡಿ ಕಡೆಯ ಆಚಾರಿ. ಹಂದಿ ಬೇಟೆಯವರ ಕೋವಿಗಳಿಗೆ ಮರದ ಹಿಡಿ ಮಾಡಿಕೊಡುತ್ತಿದ್ದ. ಅದನ್ನು ಒರಟು ಎಲೆಯಲ್ಲಿ ಉಜ್ಜಿ, ಎಣ್ಣೆ ಹಚ್ಚಿ ನುಣುಪು ಮಾಡುವುದು ನನ್ನ ಪಾಲಿಗೆ. ಮೂರನೇ ಕ್ಲಾಸಿಗೆ ಶಾಲೆ ಮುಗಿಯಿತು. ಆ ಕಾಲದ ಬಗ್ಗೆ ಬರೆಯಲು ಇಷ್ಟೇ ಇರುವುದು.

ಅಬುಧಾಬಿಯ ಮಗಳ ಮನೆಯಲ್ಲಿ ಕಳೆದ ಆ ಚಳಿಗಾಲದ ಬಗ್ಗೆಯಾದರೆ ಬರೆಯಲು ಉಂಟು. ಆ ದಿನಗಳಲ್ಲಿ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಮನೆಗಳಿಗಿಂತ ಮರಳು ಹೆಚ್ಚು. ಮಗಳು ಪ್ರೇಮಾ ಆಸ್ಪತ್ರೆಯಲ್ಲಿ ನರ್ಸು, ಅಳಿಯ ಜಗದೀಶ ಆಫೀಸಿನಲ್ಲಿ. ಮಧ್ಯಾಹ್ನದ ಮೇಲೆ ಮನೆಯಲ್ಲಿ ನಾನು ಮತ್ತು ಮೊಮ್ಮಗಳು ಶ್ರೇಯಾ. ಅವಳಿಗೆ ಹನ್ನೊಂದು. ಶಾಲೆಯಿಂದ ಬಂದ ಕೂಡಲೇ ಅಲ್ಲಿಯ ಖುಬೂಸ್ ರೊಟ್ಟಿಯೊಳಗೆ ಬೆಲ್ಲ, ತೆಂಗಿನಕಾಯಿ ಸುತ್ತಿ ಕೊಡುತ್ತಿದ್ದೆ. ತಿನ್ನುತ್ತಾ ಇಬ್ಬರೂ ಮೊಟ್ಟೆಯ ಟ್ರೇಯಲ್ಲಿ ಕಡಲೆಕಾಳು ಹಾಕಿ ಚೆನ್ನೆಮಣೆ ಆಡುತ್ತಿದ್ದೆವು. ಅವಳು ಸೋತರೆ ಅಳುತ್ತಿದ್ದಳು. ನಾನು ಸೋತರೆ ಟ್ರೇ ಮಗುಚಿ ಹಾಕುತ್ತಿದ್ದೆ.

ಅದೇ ಚಳಿಗಾಲ ಅವಳು ಗುರಿ ಹೊಡೆಯುವ ಕ್ಲಬ್ಬಿಗೆ ಸೇರಿದ್ದು. ಅಲ್ಲಿ ಮಕ್ಕಳಿಗೆ ಗಾಳಿ ಕೋವಿ. ಕ್ಲಬ್ಬಿನದ್ದೇ ಕೋವಿಗಳು ಗೋಡೆಗೆ ಸಾಲಾಗಿ ನಿಂತಿರುತ್ತವೆ. ಒಂದನ್ನು ಆರಿಸಿ ಅದಕ್ಕೆ ಮಗುವಿನ ಹೆಸರಿನ ಚೀಟಿ ಕಟ್ಟಿದರೆ ಮುಂದೆ ಅದೇ, ಬದಲಿಸುವುದಾದರೆ ಮೊದಲ ಪರೀಕ್ಷೆಗೆ ಮುಂಚೆ. ಶ್ರೇಯಾಳಿಗೆ ಆರಿಸಿದವನು ಅಳಿಯ. ಬೇಟೆ ಸಾಮಾನಿನ ಪ್ರದರ್ಶನ ನೋಡಿ ಬಂದಿದ್ದ ಅವನಿಗೆ ಅಂಥದ್ದೇ ಬೇಕಾಯಿತು. ಕಪ್ಪು ಬಣ್ಣ, ಮೇಲೆ ದುರ್ಬೀನು, ಹುಡುಗಿಯ ಎದೆಮಟ್ಟ. ಹೇಗಿದ್ದರೂ ಬೆಳೆಯುವ ಮಗು, ಎರಡು ವರ್ಷ ಬರಲಿ ಎಂದನಂತೆ. ಆ ಮನೆಯಲ್ಲಿ ಎಲ್ಲವೂ ಹಾಗೆಯೇ. ಶ್ರೇಯಾಳ ಶೂ ದೊಡ್ಡದು, ಮುಂದೆ ಹತ್ತಿ ತುರುಕಿದ್ದು. ಯೂನಿಫಾರ್ಮಿನ ತೋಳು ಮೂರು ಮಡಿಕೆ.

ಮೂರು ವಾರ ಆಯಿತು, ಹುಡುಗಿಯ ಒಂದು ಗುಂಡೂ ಕಪ್ಪು ವೃತ್ತಕ್ಕೆ ಬೀಳಲಿಲ್ಲ. ಶನಿವಾರ ಪರೀಕ್ಷೆ. ಹತ್ತರಲ್ಲಿ ಮೂರಾದರೂ ಕಪ್ಪಿಗೆ ಬೀಳಬೇಕು, ಇಲ್ಲದಿದ್ದರೆ ಹೊರಗೆ. ಜಗದೀಶ ಹೇಳಿಬಿಟ್ಟಿದ್ದ, "ಬೀಳದಿದ್ರೆ ಖಲಾಸ್. ಮತ್ತೆ ಮ್ಯಾತ್ಸ್ ಟ್ಯೂಷನ್." ಹುಡುಗಿ ಊಟ ಬಿಟ್ಟಿದ್ದಳು.

ಶುಕ್ರವಾರ ಬೆಳಿಗ್ಗೆ ಪ್ರೇಮಾಳಿಗೆ ಡ್ಯೂಟಿ. ರಜೆಯ ದಿನ ನನ್ನೊಬ್ಬಳನ್ನೇ ಮನೆಯಲ್ಲಿ ಬಿಡಬಾರದೆಂದು ಜಗದೀಶ, ಶ್ರೇಯಾ ನನ್ನನ್ನೂ ಕ್ಲಬ್ಬಿಗೆ ಕರೆದುಕೊಂಡು ಹೋದರು. ಬಾಗಿಲು ತೆರೆದ ಕೂಡಲೇ ಎಣ್ಣೆಯ ವಾಸನೆ ಬಂತು, ಕಬ್ಬಿಣಕ್ಕೆ ಹಚ್ಚುವ ತೆಳು ಎಣ್ಣೆ. ಕುರ್ಚಿಯಲ್ಲಿ ಕೂತು ನೋಡಿದೆ. ಶ್ರೇಯಾ ಕೋವಿ ಎತ್ತಿದಳು. ಹಿಡಿ ಉದ್ದವಾಗಿ ಸೊಂಟ ಹಿಂದಕ್ಕೆ ಬಾಗಿತು, ಕತ್ತು ಮುಂದಕ್ಕೆ ಚಾಚಿತು. ಬೆರಳು ಗುಂಡು ಹಾರಿಸುವ ಕುದುರೆಗೆ ಎಟುಕಲಿಲ್ಲ, ಭುಜ ಸರಿಸಿ ಎಟುಕಿಸಿ ಎಳೆದಳು. ಗುಂಡು ಎಲ್ಲಿಗೆ ಹೋಯಿತೋ.

ನನಗೆ ಕೂರಲಾಗಲಿಲ್ಲ. "ಜಗದೀಶಾ, ಈ ಕೋವಿ ಅವಳದ್ದಲ್ಲ."

"ಅವಳದ್ದೇ ಅತ್ತೆ, ಚೀಟಿ ಉಂಟಲ್ಲ?"

"ಚೀಟಿ ಅಲ್ಲ ಮಾರಾಯ, ಅಳತೆ. ಹಿಡಿ ಉದ್ದ ಆಯ್ತು."

"ನಿಮಗೆ ಎಂತ ಗೊತ್ತುಂಟು? ಸುಮ್ಮನೆ ಕೂತ್ಕೊಳ್ಳಿ, ಜನ ನೋಡ್ತಾರೆ."

"ನೋಡ್ಲಿ. ನೋಡ್ಲಿಕ್ಕೇ ಅಲ್ವಾ ಕಣ್ಣು ಇರೋದು?"

ಎದ್ದು ಗೋಡೆಯ ಹತ್ತಿರ ಹೋದೆ. ಶ್ರೇಯಾಳ ಕೈ ಹಿಡಿದು ಮೊಣಕೈ ಮಡಚಿಸಿದೆ. ಅಪ್ಪ ಗಿರಾಕಿಗಳಿಗೆ ಮಾಡುತ್ತಿದ್ದದ್ದು ಅಷ್ಟೇ: ಹಿಡಿಯ ತುದಿ ಮೊಣಕೈ ಮಡಿಕೆಯಲ್ಲಿ ಕೂತಾಗ ತೋರುಬೆರಳಿನ ಮೊದಲ ಗಂಟು ಕುದುರೆಯ ಮೇಲೆ ಬರಬೇಕು. ಕಾಡಿಗೆ ಹೊತ್ತು ಹೋಗುವ ಕೋವಿ ಹಗುರ ಇರಲಿ, ನಿಂತು ಗುರಿಗೆ ಹೊಡೆಯುವುದು ಸ್ವಲ್ಪ ಭಾರ ಇರಲಿ, ಹಿಡಿಯ ಅಳತೆ ಮಾತ್ರ ಎರಡಕ್ಕೂ ಒಂದೇ. ಗೋಡೆಯ ಸಾಲಿನಲ್ಲಿ ಮೊದಲನೆಯ ಕೋವಿ ಉದ್ದ, ಎರಡನೆಯದೂ ಉದ್ದ. ಮೂಲೆಯಲ್ಲಿ ಒಂದು ಮೋಟು ಕೋವಿ ಇತ್ತು. ಗೀರು ಬಿದ್ದ ಹಿಡಿ, ದುರ್ಬೀನು ಇಲ್ಲ. ಅದು ಸರಿಯಾಗಿ ಕೂತಿತು.

"ಕಣ್ಣು ಮುಚ್ಚಿ ಎತ್ತು. ಕೆನ್ನೆ ಮರಕ್ಕೆ ತಾಗಿದ ಮೇಲೆ ಕಣ್ಣು ಬಿಡು. ಎಂತ ಕಾಣ್ತದೆ?"

"ಅಜ್ಜಿ, ಸ್ಟ್ರೇಟ್ ಕಾಣ್ತದೆ! ಮುಂದಿನ ಮುಳ್ಳು, ಹಿಂದಿನ ಸಂದು ಎರಡೂ ಒಂದೇ ಲೈನಲ್ಲಿ ಉಂಟು."

ಜಗದೀಶನ ಮುಖ ಕೆಂಪಾಯಿತು. "ಅದು ಆಟದ ಸಾಮಾನಿನ ಹಾಗುಂಟು. ಮುಂದಿನ ವರ್ಷಕ್ಕೆ ಅದೂ ಸಣ್ಣ ಆಗ್ತದೆ."

"ಅವಳು ಹೊಡೆಯೋದು ಮುಂದಿನ ವರ್ಷ ಅಲ್ಲ, ನಾಳೆ."

"ನೀವು ಜೀವನದಲ್ಲಿ ಒಂದು ಗುಂಡು ಹೊಡೆದದ್ದುಂಟಾ ಅತ್ತೆ?"

"ಇಲ್ಲ."

"ಮತ್ತೆ?"

ಕಲಿಸುವ ಮಾಸ್ತರ, ಸುಡಾನಿನವನು, ಎಲ್ಲ ನೋಡುತ್ತಾ ನಿಂತಿದ್ದ. ಭಾಷೆ ತಿಳಿಯದಿದ್ದರೂ ಜಗಳ ತಿಳಿಯುತ್ತದೆ. ನಗುತ್ತಾ ಆ ಮೋಟು ಕೋವಿಗೆ ಗುಂಡು ತುಂಬಿ ನನ್ನ ಕೈಗೆ ಕೊಟ್ಟ. "ಯಲ್ಲಾ ಮಾಮಾ!" ಹೊಡಿ ಅಮ್ಮಾ ಎಂದು ಅರ್ಥ.

ಹೊಡೆದೆ. ಮೊದಲನೆಯದು ಮರದ ಚೌಕಟ್ಟಿಗೆ. ಎರಡನೆಯದು ಗೊತ್ತಿಲ್ಲ. ಮೂರನೆಯದು ಕಾಗದದ ಮೂಲೆಯನ್ನು ಹರಿಯಿತು. ಶ್ರೇಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಅರವತ್ತು ವರ್ಷದಲ್ಲಿ ನಾನು ಹೊಡೆದ ಮೊದಲ ಕೋವಿ ಅದು. ಇನ್ನೂ ಮೂರು ಗುಂಡು ಕೊಡು ಎನ್ನಬೇಕೆನಿಸಿತು.

"ಆಯ್ತಲ್ಲ? ನೋಡಿದ್ರಲ್ಲ?" ಎಂದ ಜಗದೀಶ.

"ಎಂತ ಆಗೋದು? ಮಗುವಿನ ಅಳತೆಯದ್ದು ನನ್ನ ಕೈಗೆ ಕೂರ್ತದಾ? ಈಗ ಅವಳಿಗೆ ಕೊಡು."

ಶ್ರೇಯಾ ಐದು ಹೊಡೆದಳು. ಎರಡು ಕಪ್ಪಿಗೆ ಬಿತ್ತು. ಅವಳು ಕೋವಿ ಕೆಳಗಿಡದೆ ಅಪ್ಪನ ಮುಖವನ್ನೇ ನೋಡುತ್ತಾ ನಿಂತಳು. ಕೋವಿ ಬದಲಿಸಲು ಅದೇ ಕೊನೆಯ ದಿನ, ಮನೆಯವರು ಯಾರಾದರೂ ಪುಸ್ತಕದಲ್ಲಿ ಸಹಿ ಹಾಕಬೇಕು ಎಂದು ಮಾಸ್ತರ ಹಿಂದಿಯಲ್ಲಿ ಹೇಳಿದ. ಜಗದೀಶ ಕೈ ಕಟ್ಟಿಕೊಂಡು ನಿಂತ.

"ನಾನು ಹಾಕೋದಿಲ್ಲ."

"ಬೇಡ. ಪೆನ್ನು ಕೊಡು."

"ಇಂಗ್ಲಿಷಿನಲ್ಲಿ ಬರೀಬೇಕು ಅತ್ತೆ."

"ಹಾಗೆಂತ ಅವ ಹೇಳ್ಲಿಲ್ಲ."

ಅರಬ್ಬಿ, ಇಂಗ್ಲಿಷ್ ಹೆಸರುಗಳ ಕೆಳಗೆ ಕನ್ನಡದಲ್ಲಿ ನನ್ನ ಹೆಸರು ಸೀತು ಎಂದು ಬರೆದೆ. ಎರಡು ಗೆರೆಯ ಜಾಗ ಹಿಡಿಯಿತು. ಕಪ್ಪು ಕೋವಿಯ ಚೀಟಿ ಬಿಚ್ಚಿ ಮೋಟು ಕೋವಿಗೆ ನಾನೇ ಕಟ್ಟಿದೆ.

ಕಾರು ಮನೆ ಹತ್ತಿರ ಬಂದಾಗ ಜಗದೀಶ ಹೇಳಿದ, "ನಾಳೆ ನೀವು ಬರೋದು ಬೇಡ. ಎಲ್ಲರ ಎದುರು ನನ್ನ ಮರ್ಯಾದೆ ತೆಗೆದ್ರಿ."

"ಅಪ್ಪಾ, ಅಜ್ಜಿ ಈಸ್ ಕಮಿಂಗ್," ಎಂದಳು ಶ್ರೇಯಾ.

"ನೋ. ಮುಗೀತು."

ನಾನು ಕಾರಿನಿಂದ ಇಳಿದು ಒಳಗೆ ಹೋಗಿ ನಾಳೆಯ ದೋಸೆಗೆ ಅಕ್ಕಿ ನೆನೆಹಾಕಿದೆ.

ಪರೀಕ್ಷೆಯಲ್ಲಿ ಹತ್ತಕ್ಕೆ ನಾಲ್ಕು ಕಪ್ಪಿಗೆ ಬಿತ್ತು, ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಾಲ್ಕು ವರ್ಷ ಹೊಡೆದಳು, ಮತ್ತೆ ಬಿಟ್ಟಳು. ಈಗ ದುಬೈಯಲ್ಲಿ ಕೆಲಸ, ಫೋನಿನಲ್ಲಿ "ಅಜ್ಜಿ ಊಟ ಆಯ್ತಾ" ಎಂದು ಕೇಳಿ ಇಡುತ್ತಾಳೆ. ನಾವು ಚೆನ್ನೆಮಣೆ ಆಡುತ್ತಿದ್ದ ವಿಲ್ಲಾದಲ್ಲಿ ಬೇರೆ ಯಾರೋ ಇದ್ದಾರೆ, ಎದುರಿನ ಮರಳಿನಲ್ಲಿ ಕಟ್ಟಡ ಎದ್ದಿದೆ. ನನ್ನ ಬಲಗೈ ಈಗ ಭುಜದ ಮೇಲೆ ಏರುವುದಿಲ್ಲ, ತಲೆ ಬಾಚಲಿಕ್ಕೂ ಪ್ರೇಮಾ ಬೇಕು. ಜಗದೀಶ ತೀರಿಕೊಂಡು ಆರು ವರ್ಷ. ಒಳ್ಳೆಯ ಮನುಷ್ಯ ಎಂದು ಈಗ ಎಲ್ಲರೂ ಹೇಳುತ್ತಾರೆ. ಹೌದು, ಒಳ್ಳೆಯವನೇ. ಆದರೆ ಕೋವಿಯ ವಿಷಯದಲ್ಲಿ ಅವನದ್ದು ತಪ್ಪು. ಸತ್ತ ಎಂದು ಅದು ಸರಿ ಆಗುವುದಿಲ್ಲ. ಈಗ ಮನೆಯಲ್ಲಿ ನನಗೆ ಯಾರೂ ಎದುರು ಹೇಳುವುದಿಲ್ಲ. ಏನು ಹೇಳಿದರೂ ಆಯ್ತು ಅಮ್ಮಾ, ಆಯ್ತು ಅಮ್ಮಾ. ಹಾಗೆಂದರೆ ಕೇಳಲಿಲ್ಲ ಎಂದೇ ಅರ್ಥ. ಬೇಡ ಎಂದು ಮುಖದ ಮೇಲೆ ಹೇಳುವಷ್ಟು ನನ್ನನ್ನು ಲೆಕ್ಕಕ್ಕೆ ಹಿಡಿದವನು ಅವನೊಬ್ಬನೇ.

ಆ ಶನಿವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಸ್ನಾನ ಮಾಡಿ, ನೀರುದೋಸೆ ಹೊಯ್ದು ಡಬ್ಬಿಗೆ ತುಂಬಿದೆ. ಅಡುಗೆಮನೆಯ ಮೊಳೆಯಿಂದ ಕಾರಿನ ಕೀಲಿ ತೆಗೆದುಕೊಂಡು ಹೊರಗೆ ಬಂದು, ಮುಂದಿನ ಸೀಟಿನಲ್ಲಿ ಕೂತು, ಬೆಲ್ಟು ಹಾಕಿಕೊಂಡು, ಪಕ್ಕಕ್ಕೆ ಬಾಗಿ ಹಾರ್ನ್ ಒತ್ತಿದೆ.