ಉಪ್ಪಿನ ಖಾತೆ

ಆ ಮನೆಯಲ್ಲಿ ಅಡುಗೆ ಅವಳದು, ಉಪ್ಪು ಅವನದು. ಮದುವೆಯಾದ ಹೊಸದರಲ್ಲೇ ಹಾಗಂತ ತೀರ್ಮಾನ ಆಗಿಹೋಗಿತ್ತು.

ಅವಳನ್ನು ಬೀದಿಯವರು ಇಸ್ತ್ರಿಯವಳು ಅನ್ನುತ್ತಿದ್ದರು. ತಿರುವಿನಲ್ಲಿದ್ದ ಇಸ್ತ್ರಿ ಅಂಗಡಿಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ನಿಂತು ಊರವರ ಅಂಗಿ ಪ್ಯಾಂಟು ಉಜ್ಜುವುದು ಅವಳ ಕೆಲಸ. ಗಂಡ ವೆಲ್ಡರ್. ಗೇಟು, ಕಿಟಕಿ ಸರಳು, ಮೆಟ್ಟಿಲಿನ ಕಂಬಿ ಮಾಡುತ್ತಿದ್ದ. ಜೊತೆಗೆ ಅವನ ತಾಯಿ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಹಿತ್ತಲು. ಮಕ್ಕಳಾಗಲಿಲ್ಲ. ಮೊದಲು ಅತ್ತರು, ಆಮೇಲೆ ಅಳುವುದು ಬಿಟ್ಟರು, ಬದನೆ ಸಸಿ ನೆಟ್ಟರು.

ಅವಳು ಬಂದ ವಾರ ಮನೆ ತುಂಬ ನೆಂಟರಿದ್ದರು. ಹೊಸ ಸೊಸೆ ಅಡುಗೆ ಮಾಡಲಿ ಅಂದರು. ಮಾಡಿದಳು. ಗಾಬರಿಯಲ್ಲಿ ಉಪ್ಪು ಹಾಕಿದ್ದು ಮರೆತು ಇನ್ನೊಂದು ಸಲ ಹಾಕಿದಳು. ಅತ್ತೆ ಒಂದು ತುತ್ತು ಬಾಯಿಗಿಟ್ಟವರೇ, "ಏನೇ, ನಿಮ್ಮಪ್ಪ ಸಮುದ್ರಾನೂ ಗಂಟು ಕಟ್ಟಿ ಕಳಿಸಿದ್ದಾನಾ?" ಅಂದರು. ಕೂತವರೆಲ್ಲ ನಕ್ಕರು. ಸೊಸೆ ಒಳಗೆ ಹೋಗಿ ಗೋಡೆ ನೋಡಿಕೊಂಡು ನಿಂತಳು.

ಗಂಡ ನಗಲಿಲ್ಲ. ತಟ್ಟೆ ಖಾಲಿ ಮಾಡಿ, ಒಂದು ಚೊಂಬು ನೀರು ಕುಡಿದು, "ಅಮ್ಮಾ, ಇವತ್ತಿಂದ ಉಪ್ಪಿನ ಖಾತೆ ನಂದು. ಹೆಚ್ಚಾದ್ರೂ ಕಮ್ಮಿಯಾದ್ರೂ ನನ್ನನ್ನ ಕೇಳು. ಅವಳನ್ನ ಕೇಳಬೇಡ" ಅಂದ.

"ಆಯ್ತಪ್ಪಾ, ಉಪ್ಪಿನ ಮಂತ್ರಿ" ಅಂದರು ಅತ್ತೆ.

ತಮಾಷೆಗೆ ಆಡಿದ ಮಾತು ಮನೆಯ ರೂಢಿಯಾಗಿ ನಿಂತಿತು. ಅವಳು ಹೆಚ್ಚುತ್ತಿದ್ದಳು, ಬೇಯಿಸುತ್ತಿದ್ದಳು, ಕೊನೆಗೆ ಅಡುಗೆಮನೆ ಬಾಗಿಲಿಗೆ ಬಂದು, "ರೀ, ಉಪ್ಪು" ಅಂತ ಕೂಗುತ್ತಿದ್ದಳು. ಅವನು ಹಿತ್ತಲಿಂದ ಮಣ್ಣು ಕೈಯಲ್ಲೇ ಬರುತ್ತಿದ್ದ. "ಕೈ ತೊಳ್ಕೊಳ್ಳೋ ಕೊಳಕ" ಅಂತ ಅತ್ತೆ ಕೂತಲ್ಲಿಂದಲೇ ಬೈಯುತ್ತಿದ್ದರು. ತೊಳೆದುಕೊಂಡು ಬಂದು ಅಂಗೈಗೆ ಉಪ್ಪು ಸುರಿದುಕೊಂಡು, ಒಂದು ಸಲ ತೂಗಿದ ಹಾಗೆ ಆಡಿಸಿ, ಹಾಕಿ, ಸೌಟಿನಿಂದ ಒಂದು ಹನಿ ನೆಕ್ಕಿ, "ಹೂಂ" ಅನ್ನುತ್ತಿದ್ದ. ಅಲ್ಲಿಗೆ ಅಡುಗೆ ಆಯಿತು. ಅವನು ಬರುವುದು ತಡವಾದರೆ ಪಾತ್ರೆ ಮುಚ್ಚಿಕೊಂಡು ಕಾಯುತ್ತಿತ್ತು. ಅವಳು ರುಚಿ ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ರೇಷ್ಮೆಗೆ ಎಷ್ಟು ಕಾವು, ಹತ್ತಿಗೆ ಎಷ್ಟು ಕಾವು ಅಂತ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಒಂದು ಹನಿ ನೀರು ಚಿಮುಕಿಸಿ ಹೇಳುವವಳು, ಉಪ್ಪಿನ ಡಬ್ಬಿ ಕಂಡರೆ ಮಾತ್ರ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದಳು.

ಹಿತ್ತಲು ಅಂದರೆ ದೊಡ್ಡದೇನಲ್ಲ. ಬಟ್ಟೆ ಹರವಿದರೆ ಗಿಡಕ್ಕೆ ಬಿಸಿಲಿಲ್ಲ, ಗಿಡ ಬೆಳೆದರೆ ಬಟ್ಟೆಗೆ ಜಾಗವಿಲ್ಲ. ಗಂಡ ತನ್ನ ವೆಲ್ಡಿಂಗ್ ಅಂಗಡಿಯಲ್ಲಿ ಉಳಿದ ಸರಳಿನ ತುಂಡುಗಳನ್ನು ತಂದು ಬೆಸೆದು ಚಪ್ಪರ ಮಾಡಿದ್ದ. ಯಾರೋ ಅಳತೆ ಸರಿಯಿಲ್ಲ ಅಂತ ಬಿಟ್ಟುಹೋದ ಅರ್ಧ ಗೇಟು ಹುರುಳಿಕಾಯಿ ಬಳ್ಳಿಗೆ ಆಸರೆ. ಕಬ್ಬಿಣದ ಹೂವಿನ ಮೇಲೆ ನಿಜವಾದ ಹೂವು ಬಿಡುತ್ತಿತ್ತು. ಚಳಿಯಲ್ಲಿ ಮೂಲಂಗಿ, ಸೊಪ್ಪು. ಮಳೆ ಹಿಡಿದ ಮೇಲೆ ಕುಂಬಳ. ಟೊಮೆಟೊ ಬಂದರೆ ಒಂದೇ ಸಲ ಬರುತ್ತಿತ್ತು. ತಿಂದರೂ ಮುಗಿಯದು, ಹಂಚಿದರೂ ಮುಗಿಯದು. ಅವಳು ಬುಟ್ಟಿ ಹಿಡಿದು ಹೊರಟದ್ದು ಕಂಡರೆ ಅಕ್ಕಪಕ್ಕದವರು ಮನೆಯಲ್ಲಿ ಇಲ್ಲದವರಂತೆ ಉಸಿರು ಬಿಗಿಹಿಡಿದು ಕೂರುತ್ತಿದ್ದರು.

ಬೇಸಿಗೆ ಬಂದರೆ ಸೌತೆ. ಎಳೆಕಾಯಿಗಳನ್ನು ಕಿತ್ತು, ಒರೆಸಿ, ಭರಣಿಯಲ್ಲಿ ಉಪ್ಪುನೀರಿಗೆ ಹಾಕಿ ಹುಳಿ ಬರಿಸುವುದು. ಅತ್ತೆಗೆ ಅದಿಲ್ಲದೆ ಊಟ ಇಳಿಯುತ್ತಿರಲಿಲ್ಲ. ಹಲ್ಲು ಹೋದ ಮೇಲೂ ಚೂರು ಮಾಡಿಸಿಕೊಂಡು ಒಸಡಿನಲ್ಲೇ ಅರೆಯುತ್ತಿದ್ದರು. ಭರಣಿಯ ಉಪ್ಪೂ ಅವನದೇ. ಕಮ್ಮಿಯಾದರೆ ಕೊಳೆಯುತ್ತದೆ, ಹೆಚ್ಚಾದರೆ ಹುಳಿ ಬರುವುದು ನಿಧಾನ. ಅವನ ಅಂಗೈ ಎಂದೂ ತಪ್ಪಲಿಲ್ಲ.

ಚಳಿ ಮುಗಿಯುವ ಹೊತ್ತಿಗೆ ಅವನು ಹೋದ. ಅಂಗಡಿಯಲ್ಲಿ ಕೂತು ಕೆಲಸ ಮಾಡುತ್ತಿದ್ದವನು ಹಾಗೇ ವಾಲಿದನಂತೆ. ಎದೆ ಅಂದರು. ಊಟದ ಡಬ್ಬಿ ಇನ್ನೂ ತೆಗೆದಿರಲಿಲ್ಲ.

ಎಲ್ಲ ಮುಗಿದ ದಿನ ಸಂಜೆ ಅಂಗಡಿಯವರು ಅವನ ಚಪ್ಪಲಿ, ಕನ್ನಡಕ, ಡಬ್ಬಿ ತಂದುಕೊಟ್ಟರು. ಮನೆಯಲ್ಲಿ ಜನ ಇದ್ದರು. ಅತ್ತೆ ಡಬ್ಬಿ ಬಿಚ್ಚಿದರು. ಅನ್ನ, ಹುರುಳಿಕಾಯಿ. ಹಿಂದಿನ ದಿನದ್ದು, ಹಳಸುವುದರಲ್ಲಿತ್ತು. ಅತ್ತೆ ಕೈ ಹಾಕಿ ಕಲೆಸಿ ತಿನ್ನತೊಡಗಿದರು. ಮುದುಕಿಗೆ ತಲೆ ಕೆಟ್ಟಿತು ಅಂತ ಯಾರೋ ಡಬ್ಬಿ ಕಸಿದುಕೊಳ್ಳಲು ಹೋದರು. ಅತ್ತೆ ಬಿಡಲಿಲ್ಲ. ಸೊಸೆಯನ್ನು ಹತ್ತಿರ ಕರೆದು, "ತಿನ್ನೇ. ಅವನು ಉಪ್ಪು ಹಾಕಿದ್ದು ಇನ್ನು ಸಿಗಲ್ಲ" ಅಂದರು. ಇಬ್ಬರೂ ಒಂದೇ ಡಬ್ಬಿಯಲ್ಲಿ ತಿಂದು ಮುಗಿಸಿದರು.

ಆಮೇಲೆ ಆ ಮನೆಯಲ್ಲಿ ಉಪ್ಪಿಲ್ಲದ ಅಡುಗೆ ಶುರುವಾಯಿತು.

ಅವಳು ಬೇಯಿಸುತ್ತಿದ್ದಳು. ಕೈ ಡಬ್ಬಿಯವರೆಗೆ ಹೋಗಿ ನಿಂತುಬಿಡುತ್ತಿತ್ತು. ಒಂದು ದಿನ ಮರೆತು, "ರೀ, ಉಪ್ಪು" ಅಂತ ಕೂಗಿಯೂ ಬಿಟ್ಟಳು. ಹಿತ್ತಲಿಂದ ಯಾರೂ ಬರಲಿಲ್ಲ. ಕೋಣೆಯಲ್ಲಿದ್ದ ಅತ್ತೆಗೆ ಕೇಳಿಸಿತ್ತು. ಕೇಳಿಸದವರ ಹಾಗೆ ಗೋಡೆ ಕಡೆ ಹೊರಳಿಕೊಂಡರು.

ಉಪ್ಪನ್ನು ಬಟ್ಟಲಲ್ಲಿ ಹಾಕಿ ಇಬ್ಬರ ನಡುವೆ ಇಡುತ್ತಿದ್ದಳು. ಬೇಕಾದಷ್ಟು ಉದುರಿಸಿಕೊಳ್ಳುವುದು.

"ಇದೇನೇ ಇದು, ಮೇಲೆ ಉದುರಿಸಿದ್ದು ನಾಲಿಗೆಗೆ ತಾಗುತ್ತೆ. ಬೆಂದದ್ದರ ಒಳಗೆ ಇಳಿಯುತ್ತಾ?" ಅಂದರು ಅತ್ತೆ.

"ಹಾಗಾದ್ರೆ ನೀವೇ ಹಾಕಿ ಅತ್ತೆ. ನಿಮಗೆ ಗೊತ್ತಲ್ಲ."

"ನಾನ್ಯಾಕೆ ಹಾಕಲಿ? ನನ್ನ ಮಗ ನಿನ್ನ ಪರವಾಗಿ ಹೊತ್ತುಕೊಂಡದ್ದು ಅದು. ಅವನು ಇಳಿಸಿದ್ದನ್ನ ನೀನು ಎತ್ತಿಕೋ. ನಾನು ಇನ್ನೆಷ್ಟು ದಿನ ಇರ್ತೀನಿ?"

ಅವಳು ಎತ್ತಿಕೊಳ್ಳಲಿಲ್ಲ. ಅತ್ತೆ ಬಿಟ್ಟುಕೊಡಲಿಲ್ಲ. ತಟ್ಟೆಯಲ್ಲಿ ಅನ್ನ ಉಳಿಯುತ್ತಾ ಬಂತು. ಅತ್ತೆಯ ಬೆರಳಿನ ಉಂಗುರ ಜಾರತೊಡಗಿ, ಅದಕ್ಕೆ ದಾರ ಸುತ್ತಿಕೊಂಡರು. ಸೊಸೆ ಅದನ್ನು ನೋಡಿದಳು. ನೋಡಿ ಹಿತ್ತಲಿಗೆ ಹೋಗಿ ಸೌತೆ ಬೀಜ ಊರಿದಳು. ಅನ್ನ ಬೇಡ ಅನ್ನುವವರು ಭರಣಿಯ ಸೌತೆ ಬೇಡ ಅನ್ನಲಾರರು ಅಂತ ಅವಳ ಎಣಿಕೆ.

ಬಳ್ಳಿ ಚಪ್ಪರ ಹತ್ತಿತು. ಮೊದಲ ಕೊಯ್ಲು ಚೆನ್ನಾಗಿ ಬಂತು. ಅತ್ತೆ ಮಣೆ ಹಾಕಿಕೊಂಡು ಚಪ್ಪರದ ಕೆಳಗೆ ಕೂತು, "ಅದಲ್ಲ, ಅದರ ಪಕ್ಕದ್ದು. ಕಣ್ಣು ಎಲ್ಲಿಟ್ಟಿದ್ದೀಯ?" ಅಂತ ಕೈ ತೋರಿಸಿದರು. ಎಷ್ಟೋ ದಿನದ ಮೇಲೆ ಜೋರು ಮಾಡಿದ್ದು. ಅವಳಿಗೆ ಬೈಗುಳ ಕೇಳಿ ಹಿತವಾಯಿತು. ಕಾಯಿ ಒರೆಸಿ ಭರಣಿಗೆ ಹಾಕಿದಳು. ಉಪ್ಪು ಹಾಕುವಾಗ ಹೆಚ್ಚಾದೀತು ಹೆಚ್ಚಾದೀತು ಅಂತ ಚಿಟಿಕೆ ಚಿಟಿಕೆಯಾಗಿ ಹಾಕಿ ಮುಚ್ಚಿಟ್ಟಳು.

ನಾದಿನಿ ಬಂದ ದಿನವೇ ಆ ಭರಣಿ ತೆಗೆದದ್ದು. ನಾದಿನಿ ಅಂದರೆ ಗಂಡನ ತಂಗಿ, ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಊರಿನಲ್ಲಿ ಇರುವವಳು. ಮುಚ್ಚಳ ತೆಗೆದರೆ ಮೇಲೆ ಬಿಳಿ ಪೊರೆ, ಒಳಗೆ ಕಾಯಿ ಲೋಳೆ. ಮನೆಯೆಲ್ಲ ನಾತ. ನಾದಿನಿ ಮೂಗು ಮುಚ್ಚಿಕೊಂಡು ಅಮ್ಮನನ್ನು ನೋಡಿದಳು. ಬೆರಳಿನ ದಾರ ನೋಡಿದಳು.

"ಅತ್ತಿಗೆ, ನಿಮ್ಮ ಮೇಲೆ ನಂಗೆ ಕೋಪ ಇಲ್ಲ. ಆದ್ರೆ ಅಣ್ಣ ಹೋದ, ಅಮ್ಮನೂ ಹೀಗೆ ಒಣಗಿಹೋದ್ರೆ ನಾನು ಯಾರ ಮುಖ ನೋಡ್ಲಿ? ಬರೋ ಭಾನುವಾರ ಗಾಡಿ ತರ್ತೀನಿ. ಅಮ್ಮ ನನ್ನ ಹತ್ರ ಇರ್ಲಿ."

ನಾದಿನಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವಳಿಗೆ ಅದು ಹೆತ್ತ ಅಮ್ಮ. ಇವಳಿಗೆ ಬರೀ ಅತ್ತೆ, ಅದೂ ಗಂಡನ ಕಡೆಯಿಂದ. ಗಂಡನೇ ಇಲ್ಲ. ಅತ್ತೆ ಸೊಸೆಯ ಮುಖವನ್ನೇ ನೋಡುತ್ತಿದ್ದರು. ಸೊಸೆ ಭರಣಿ ತೊಳೆಯಲು ಎದ್ದುಹೋದಳು.

ಆ ವಾರ ಅವಳು ಅಂಗಡಿಯಲ್ಲಿ ಯಾರದೋ ಬಿಳಿ ಅಂಗಿಯ ತೋಳು ಸುಟ್ಟಳು. ಮಾಲೀಕ, "ಏನಮ್ಮಾ, ನಿನ್ನ ಕೈಯಲ್ಲಿ ಇಂಥದ್ದು ಆಗಿದ್ದೇ ಇಲ್ಲ" ಅಂದ. "ಅತ್ತೆ ಹೋಗ್ತಾರೆ" ಅಂದಳು. ಪಾಪ, ಅವನು ಸತ್ತುಹೋಗುತ್ತಾರೆ ಅಂತ ತಿಳಿದು, "ವಯಸ್ಸಾಯ್ತಲ್ಲಮ್ಮಾ, ಸಮಾಧಾನ ತಂದ್ಕೋ" ಅಂದ. ಅವಳಿಗೆ ನಗು ಬಂತು, ಆಮೇಲೆ ಅಳು ಬಂತು, ಆಮೇಲೆ ಸಿಟ್ಟು ಬಂತು. ಇಷ್ಟು ವರ್ಷ ತನ್ನ ಬದಲಿಗೆ ಉಪ್ಪು ಹಾಕಿ ಹಾಕಿ ಕೊನೆಗೆ ನಡುನೀರಿನಲ್ಲಿ ಕೈಬಿಟ್ಟುಹೋದ ಗಂಡನ ಮೇಲೆ ಸಿಟ್ಟು.

ಶನಿವಾರ ಮನೆಗೆ ಬಂದವಳೇ ಹಿತ್ತಲಿಗೆ ನುಗ್ಗಿದಳು. ಬಳ್ಳಿ ಹಳದಿಯಾಗಿತ್ತು. ಅಲ್ಲೊಂದು ಇಲ್ಲೊಂದು ಕೊನೆಗಾಯಿ, ಸೊಟ್ಟಗೆ, ಹೆಬ್ಬೆರಳಿನಷ್ಟು. ಎಲ್ಲವನ್ನೂ ಕಿತ್ತಳು. ಅರ್ಧ ಭರಣಿ ತುಂಬಿತು. ಉಪ್ಪಿನ ಡಬ್ಬಿ ತೆಗೆದು ಅಂಗೈಗೆ ಸುರಿದುಕೊಂಡಳು. ಅವನ ಅಂಗೈ ಅಗಲ, ತನ್ನದು ಚಿಕ್ಕದು. ಹಾಗಾಗಿ ಇನ್ನೊಂದು ಹಿಡಿ. ಹೋದ ಸಲ ಕಮ್ಮಿಯಾಗಿತ್ತಲ್ಲ ಅಂತ ಅದಕ್ಕೊಂದು ಹಿಡಿ. ಸಿಟ್ಟಿಗೆ ಒಂದು ಹಿಡಿ. ಮುಚ್ಚಿ, ಮೇಲೆ ಕಲ್ಲು ಹೇರಿ, ನಡು ನೆಟ್ಟಗೆ ಮಾಡಿದಳು.

ಭಾನುವಾರ ನಾದಿನಿ ಗಾಡಿ ತಂದಳು. ಅತ್ತೆಯ ಬಟ್ಟೆ ಮಡಿಸಿ ಗಂಟು ಕಟ್ಟಿ ಆಗಿತ್ತು. ಇಸ್ತ್ರಿ ಹಾಕಿಯೇ ಮಡಿಸಿದ್ದಳು ಸೊಸೆ. ಹೊರಡುವ ಮುಂಚೆ ಊಟ. ಬೇಳೆ, ಬದನೆಕಾಯಿ, ಅನ್ನ. ನಡುವೆ ಉಪ್ಪಿನ ಬಟ್ಟಲು ಇರಲಿಲ್ಲ. ಅತ್ತೆ ಅದನ್ನು ಗಮನಿಸಿದರು.

ನಾದಿನಿ ಒಂದು ತುತ್ತು ತಿಂದು ನೀರಿನ ಲೋಟಕ್ಕೆ ಕೈ ಹಾಕಿದಳು. ಅತ್ತೆ ಎರಡು ತುತ್ತು ತಿಂದರು. ಮೂರನೆಯದು ಕಲೆಸುತ್ತಾ, "ಯಾರು ಹಾಕಿದ್ದು?" ಅಂದರು.

"ನಾನೇ."

"ಭರಣಿಗೂ?"

"ಹೂಂ."

"ತಗೊಂಡು ಬಾ ಇಲ್ಲಿ."

ತಂದಳು. ಅತ್ತೆ ಬೆರಳು ಅದ್ದಿ ಬಾಯಿಗಿಟ್ಟುಕೊಂಡರು. ಅವರ ಮುಖ ಒಣಗಿದ ನಿಂಬೆಹಣ್ಣಿನಂತೆ ಮುದುಡಿತು. ಕಣ್ಣಲ್ಲಿ ನೀರು ಬಂತು. ಆಮೇಲೆ ಹೊಟ್ಟೆ ಹಿಡಿದುಕೊಂಡು, ಹಲ್ಲಿಲ್ಲದ ಬಾಯಿ ತೆರೆದು, ನಗತೊಡಗಿದರು. ನಾದಿನಿ ಗಾಬರಿಯಾಗಿ ಬೆನ್ನು ನೀವಿದಳು.

"ನಾನು ಬರಲ್ಲ ಮಗಳೇ. ಗಂಟು ಬಿಚ್ಚು" ಅಂದರು ಅತ್ತೆ, ನಗು ನಿಂತ ಮೇಲೆ.

"ಅಮ್ಮಾ! ಇಂಥ ಊಟ ತಿಂದ್ಕೊಂಡು ಇಲ್ಲೇ ಇರ್ತೀಯಾ?"

"ಇವತ್ತು ಹೆಚ್ಚು ಹಾಕಿದ್ದಾಳೆ, ನಾಳೆ ಕಮ್ಮಿ ಹಾಕ್ತಾಳೆ. ಹಾಕೋಕೆ ಶುರು ಮಾಡಿದ್ದಾಳಲ್ಲ. ಹೆಚ್ಚಾದದ್ದನ್ನ ಇಳಿಸಬಹುದು ಕಣೇ. ಹಾಕದೇ ಇರೋದನ್ನ ಏನು ಮಾಡ್ತೀಯ? ಈ ಭರಣಿ ಸರಿಹೋಗ್ಬೇಕಾದ್ರೆ ದಿನಾ ಒಬ್ಬರು ನೋಡ್ತಿರಬೇಕು. ಇವಳೊಬ್ಬಳ ಕೈಗೆ ಬಿಟ್ಟು ಬರ್ಲಾ?"

"ನಮ್ಮನೇಲಿ ನಾನೇ ಹಾಕಿಕೊಡ್ತೀನಮ್ಮಾ, ಹದವಾಗಿ."

"ನಿನ್ನ ಕೈಯಲ್ಲಿ ಎಲ್ಲಾ ಹದವಾಗೇ ಇರುತ್ತೆ ಮಗಳೇ. ಅಲ್ಲಿ ನಾನು ಯಾರ ಜೊತೆ ಜಗಳ ಆಡ್ಲಿ?"

ನಾದಿನಿ ಅತ್ತಿಗೆ ಕಡೆ ನೋಡಿದಳು. ಅತ್ತಿಗೆ ನೆಲ ನೋಡುತ್ತಿದ್ದಳು. ಇಸ್ತ್ರಿ ಕಾವಿಗೆ ಸುಟ್ಟು ಸುಟ್ಟು ಗಟ್ಟಿಯಾದ ಆ ಕೈಬೆರಳುಗಳು ಸೆರಗಿನ ತುದಿಯನ್ನು ಸುತ್ತುತ್ತಿದ್ದವು, ಬಿಚ್ಚುತ್ತಿದ್ದವು.

"ತಿಂಗಳಿಗೊಂದು ಸಲ ಬಂದು ನೋಡ್ತೀನಿ ಅತ್ತಿಗೆ" ಅಂದಳು ನಾದಿನಿ. "ಆ ದಾರ ಆಗ್ಲೂ ಬೆರಳಲ್ಲಿ ಕಂಡ್ರೆ ಮಾತ್ರ ನಾನು ಕೇಳಲ್ಲ. ಎತ್ತಿಕೊಂಡೇ ಹೋಗ್ತೀನಿ."

"ಬಾ ಕಣಮ್ಮಾ. ಬಂದು ನೋಡು" ಅಂದಳು ಅವಳು.

"ನೋಡೋದು ಇರ್ಲಿ. ಈಗ ಗಾಡಿ ಇದೆಯಲ್ಲ, ಮಾರ್ಕೆಟ್ಟಿಗೆ ಹೋಗು" ಅಂದರು ಅತ್ತೆ ಮಗಳಿಗೆ. "ನಮ್ಮ ಬಳ್ಳಿ ಮುಗೀತು. ಈ ಉಪ್ಪಿಗೆ ಇನ್ನೂ ಇಷ್ಟೇ ಕಾಯಿ ಬೇಕು. ಎಳೇದು ತಾ. ಹಳದಿ ತಿರುಗಿದ್ದು ತಂದೀಯ ಮತ್ತೆ!"

ಅಮ್ಮನನ್ನು ಕರೆದುಕೊಂಡು ಹೋಗಲು ಬಂದವಳು ಚೀಲ ಹಿಡಿದು ಸೌತೆಕಾಯಿಗೆ ಹೋದಳು.

ಸೊಸೆ ಭರಣಿಯ ನೀರನ್ನು ಸೌಟಿನಿಂದ ಬೇರೆ ಪಾತ್ರೆಗೆ ತೆಗೆದಳು. ಕಾಯಿಸಿ ಆರಿಸಿದ ನೀರು ಸ್ವಲ್ಪ ಸೇರಿಸಿದಳು. ಅತ್ತೆ ಮಣೆ ಎಳೆದುಕೊಂಡು ಪಕ್ಕದಲ್ಲೇ ಕೂತಿದ್ದರು.

"ಸಾಕಾ ಅತ್ತೆ?"

"ನನ್ನ ನಾಲಿಗೇಲಿ ನೀನು ಅಡುಗೆ ಮಾಡ್ತೀಯಾ? ನೀನೇ ನೋಡು."

ಅವಳು ಬೆರಳು ಅದ್ದಿದಳು. ಒಂದು ಕ್ಷಣ ತಡೆದಳು. ಬಾಯಿಗಿಟ್ಟುಕೊಂಡಳು.

"ಇನ್ನೂ ಜಾಸ್ತಿ ಇದೆ" ಅಂದಳು.

"ಇದ್ರೆ ನನಗ್ಯಾಕೆ ಹೇಳ್ತೀಯ? ನೀರು ಹಾಕು" ಅಂದರು ಅತ್ತೆ.